ಸಹಾಯ ಬೇಕು: ಬೇಟೆಗಾರ ಜೀರುಂಡೆ ಊಟ ಬಿಟ್ಟಿದೆ

ಎಲ್ಲರಿಗೂ ನಮಸ್ಕಾರ. ಮೈ ಪೂರ್ತಿ ಕಪ್ಪು, ಬೆನ್ನ ಮೇಲೆ ಆರು ಬಿಳಿ ಚುಕ್ಕೆ ಇರುವ ನೆಲ ಜೀರುಂಡೆಯೊಂದನ್ನು ಏಳು ತಿಂಗಳಿಂದ ಸಾಕುತ್ತಿದ್ದೇನೆ. ಆಂಥಿಯಾ ಸೆಕ್ಸ್‌ಗಟ್ಟಾಟಾ ಅಂತಾರಲ್ಲ, ಅದೇ. ಹಾರಲು ಬರಲ್ಲ, ಓಟ ಮಾತ್ರ ಜೋರು.

ಇಷ್ಟು ದಿನ ಚಿಮಟದಲ್ಲಿ ಸಣ್ಣ ಜಿರಳೆ ಹಿಡಿದು ಕೊಟ್ಟರೆ ಕಿತ್ತುಕೊಂಡು ಓಡುತ್ತಿತ್ತು. ಜಿರಳೆಯನ್ನು ದವಡೆಯಲ್ಲಿ ಜಗಿದು ಜಗಿದು ರಸ ಹೀರಿ, ಕೊನೆಗೆ ಸಿಪ್ಪೆ ಮಾತ್ರ ಉಳಿಸುತ್ತಿತ್ತು. ಈಗ ಒಂಬತ್ತು ದಿನದಿಂದ ಮುಟ್ಟಿಲ್ಲ. ನೀರು ಮಾತ್ರ ಕುಡಿಯುತ್ತಿದೆ. ಹಗಲೆಲ್ಲ ಮೂಲೆಯಲ್ಲಿ ಮರಳು ತೋಡಿ ಅರ್ಧ ಹೂತುಕೊಂಡಿರುತ್ತದೆ. ರಾತ್ರಿಯೂ ಅಷ್ಟಾಗಿ ಹೊರಗೆ ಬರುತ್ತಿಲ್ಲ.

ನಿನ್ನೆ ಟಾರ್ಚ್ ಹಾಕಿ ನೋಡಿದೆ. ಕಾಲಿನ ಬುಡದಲ್ಲಿ ಕಂದು ಬಣ್ಣದ ನುಸಿಗಳು, ಸಾಸಿವೆಗಿಂತಲೂ ಚಿಕ್ಕವು, ಏಳೆಂಟು ಇರಬಹುದು. ತಪ್ಪು ನನ್ನದೇ ಇರಬೇಕು. ತಿಂದು ಬಿಟ್ಟ ಚೂರುಗಳನ್ನು ಎರಡು ವಾರ ತೆಗೆದಿರಲಿಲ್ಲ, ಮರಳಿನ ಒಂದು ಬದಿಗೆ ನೀರೂ ಜಾಸ್ತಿ ಹಾಕಿದ್ದೆ. ಈಗ ಮರಳು ಪೂರ್ತಿ ಬದಲಿಸಿದ್ದೇನೆ.

ನುಸಿಗಳನ್ನು ಒದ್ದೆ ಬ್ರಷ್‌ನಿಂದ ತೆಗೆಯಬಹುದಾ? ಹತ್ತಿರ ಹೋಗಲು ಭಯ. ಇದು ಹಿಂಭಾಗದಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಒಮ್ಮೆ ಬೆರಳಿಗೆ ಬಿದ್ದು ಉರಿದಿದ್ದು ಇನ್ನೂ ನೆನಪಿದೆ. ಕನ್ನಡಕ, ಕೈಗವಸು ಸಾಕಾ? ಅಥವಾ ಒಣ ಮರಳಲ್ಲಿ ಸುಮ್ನೆ ಬಿಟ್ಟರೆ ನುಸಿ ತಾನೇ ಉದುರುತ್ತದಾ?

ಇನ್ನೊಂದು: ಅದು ಹೆಣ್ಣಾಗಿದ್ದು ಮೊಟ್ಟೆ ಇಡಲು ತೋಡುತ್ತಿರಬಹುದಾ? ಗಂಡು ಹೆಣ್ಣು ಗುರುತಿಸುವುದು ಹೇಗೆ ಅಂತ ಸಾಕಿದವರು ದಯವಿಟ್ಟು ಹೇಳಿ. ಫೋಟೋ ಬೇಕಿದ್ದರೆ ರಾತ್ರಿ ಹಾಕುತ್ತೇನೆ.