ಎರೆ ಮಣ್ಣಿನಿಂದ ಪ್ಲಾಸ್ಟಿಕ್? ಕೆಮಿಸ್ಟ್ ಸರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಾಲಿಡ್ ಆಸಿಡ್ ಕ್ಯಾಟಲಿಸ್ಟ್ (ಆಸಿಡ್‌ನಂತೆ ಕೆಲಸ ಮಾಡಿ ರಿಯಾಕ್ಷನ್ ವೇಗ ಮಾಡುವ ಘನವಸ್ತು) ಬಗ್ಗೆ ಕೇಳಿ. ಪಾಲಿಮರ್ ವಿಷಯ ಮಾತ್ರ.

ಬೀದರ್ ಎಂ.ಎಸ್ಸಿ: ಸರ್, ಲ್ಯಾಕ್ಟಿಕ್ ಆಸಿಡ್‌ನಿಂದ ಪಿಎಲ್‌ಎ ಪ್ಲಾಸ್ಟಿಕ್ ಮಾಡೋಣ ಅಂತ ಆಂಬರ್‌ಲಿಸ್ಟ್-15 ಆಸಿಡ್ ರೆಸಿನ್ ಹಾಕಿ 170 ಡಿಗ್ರಿಗೆ ಕಾಸಿದೆ. ಎಲ್ಲಾ ಕಪ್ಪಾಯ್ತು.

ಕೆಮಿಸ್ಟ್: ಆ ರೆಸಿನ್ 120 ಡಿಗ್ರಿ ದಾಟಬಾರದು. ದಾಟಿದರೆ ಆಸಿಡ್ ಕೆಲಸ ಮಾಡುವ ಸಲ್ಫೋನಿಕ್ ಗುಂಪು ಕಳಚುತ್ತದೆ.

ಹುಮನಾಬಾದ್ ಶಿಫ್ಟ್: ಸತ್ತ ಜಿಯೋಲೈಟ್ (ಸೂಕ್ಷ್ಮ ರಂಧ್ರಗಳ ಖನಿಜ ಕ್ಯಾಟಲಿಸ್ಟ್) ಸುಟ್ಟು ಮತ್ತೆ ಬಳಸಬಹುದಾ?

ಕೆಮಿಸ್ಟ್: ಕೋಕ್ (ಇಂಗಾಲದ ಕರಿ) ಕಟ್ಟಿದ್ದರೆ ಆಗುತ್ತದೆ. ಗಾಳಿಯಲ್ಲಿ 500-550 ಡಿಗ್ರಿ. ರೆಸಿನ್‌ಗೆ ಇದನ್ನು ಮಾಡಬೇಡಿ.

ಯಾದಗಿರಿ ಅಣ್ಣ: ಸರ್, ಒಂದು ಫಾರ್ವರ್ಡ್ ಬಂದಿದೆ. ಎರೆ ಮಣ್ಣನ್ನು ಹಳೇ ಬ್ಯಾಟರಿ ಆಸಿಡ್‌ನಲ್ಲಿ ಕುದಿಸಿ, ಒಣಗಿಸಿ, ಸ್ಟೈರೀನ್‌ಗೆ (ಪಾಲಿಸ್ಟೈರೀನ್ ಪ್ಲಾಸ್ಟಿಕ್ ಆಗುವ ದ್ರವ) ಹಾಕಿ ಮುಚ್ಚಳ ಬಿಗಿ ಮಾಡಿದರೆ ಬೆಳಗ್ಗೆ ಪ್ಲಾಸ್ಟಿಕ್ ಅಂತೆ. ನನ್ನ ತಮ್ಮ ಪ್ರಾಜೆಕ್ಟಿಗೆ ಮಣ್ಣು ತಂದಾಗಿದೆ.

ಕೆಮಿಸ್ಟ್: ಮೊದಲು ತಮ್ಮನಿಗೆ ಫೋನ್ ಮಾಡಿ. ಮುಚ್ಚಳ ಬಿಗಿ ಮಾಡುವುದು ಬೇಡವೇ ಬೇಡ. ವಿಚಿತ್ರ ಅಂದರೆ ಅರ್ಧ ನಿಜ. ನಮ್ಮ ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಜಾಸ್ತಿ, ಆಸಿಡ್ ಹಾಕಿದರೆ ಪದರಗಳ ನಡುವಿನ ಕ್ಯಾಲ್ಸಿಯಂ, ಸೋಡಿಯಂ ಹೋಗಿ ಆಸಿಡ್‌ನ ಪ್ರೋಟಾನ್ ಕೂರುತ್ತದೆ, ಅದೇ ಕ್ಯಾಟಲಿಸ್ಟ್. ಆದರೆ ಹೊಲದ ಮಣ್ಣಿನಲ್ಲಿ ಸುಣ್ಣದ ಹರಳು ಇರುತ್ತದೆ, ನೊರೆ ಬಂದು ಅರ್ಧ ಆಸಿಡ್ ಅಲ್ಲೇ ಮುಗಿಯುತ್ತದೆ. ಮಣ್ಣು ಹಸಿ ಇದ್ದರೆ ಏನೂ ಆಗುವುದಿಲ್ಲ. ಚೆನ್ನಾಗಿ ಒಣಗಿದ್ದರೆ ಸ್ಟೈರೀನ್ ಅಣುಗಳ ಸರಪಳಿ ಒಮ್ಮೆಗೇ ಬೆಳೆಯುತ್ತದೆ, ಒಂದು ಮೋಲ್ ಸ್ಟೈರೀನ್‌ಗೆ ಸುಮಾರು 70 ಕಿಲೋಜೂಲ್ ಶಾಖ, ಶಾಖ ಏರಿದಷ್ಟೂ ವೇಗ. ಸ್ಟೈರೀನ್ 145 ಡಿಗ್ರಿಗೆ ಕುದಿಯುತ್ತದೆ, ಮುಚ್ಚಿದ ಬಾಟಲಿ ಒಡೆಯುತ್ತದೆ. ಹಳೇ ಬ್ಯಾಟರಿ ಆಸಿಡ್‌ನಲ್ಲಿ ಸೀಸ ಬೇರೆ. ಮಾಡಲೇಬೇಕಿದ್ದರೆ ಅಂಗಡಿಯ ಆಸಿಡ್-ಜೇಡಿ ತಂದು, ಮೇಷ್ಟ್ರ ಎದುರು, ಫ್ಯೂಮ್ ಹುಡ್‌ನಲ್ಲಿ (ಹೊಗೆ ಹೊರಗೆಳೆಯುವ ಪೆಟ್ಟಿಗೆ), ಐಸ್ ಮೇಲಿಟ್ಟ ತೆರೆದ ಫ್ಲಾಸ್ಕಿಗೆ ಸ್ಟೈರೀನ್ ಹನಿ ಹನಿ ಬಿಡಲಿ. ಈ ಫಾರ್ವರ್ಡ್ ಬರೆದವನು ಒಂದು ಸಲವೂ ಮಾಡಿಲ್ಲ.

ಸೇಡಂ: ಶಹಾಬಾದ್ ಕಲ್ಲಿನ ಪುಡಿ ನಡೆಯುತ್ತಾ?

ಆಳಂದ: ಅದು ಸುಣ್ಣದಕಲ್ಲು ಮಾರಾಯ, ಆಸಿಡ್ ಕುಡಿದುಬಿಡುತ್ತೆ. ಎರೆ ಅಂದ್ರೆ ಆಳಂದದ್ದು.

ಸೇಡಂ: ನಮ್ಮ ಮಣ್ಣಿಗೆ ಏನಾಗಿದೆ? ತೊಗರಿ ಎಲ್ಲಿಂದ ಬರುತ್ತೆ ಹೇಳಿ.

ಆಳಂದ: ತೊಗರಿಗೂ ಪ್ರೋಟಾನ್‌ಗೂ ಏನು ಸಂಬಂಧ?

ಬೀದರ್ ಲಾಲ್‌ಮಣ್ಣು: ನಮ್ಮ ಕೆಂಪು ಮಣ್ಣು ಆಗುತ್ತಾ ಸರ್?

ಚಿತ್ತಾಪುರ: ಆಂಬರ್‌ಲಿಸ್ಟ್ 150ಕ್ಕೆ ಓಡುತ್ತಾ?

ಕೆಮಿಸ್ಟ್: ಮೇಲೆ ಓದಿ.

ಅಫಜಲಪುರ: ಸರ್, ಆಂಬರ್‌ಲಿಸ್ಟ್ ಎಷ್ಟು ಡಿಗ್ರಿ?

ಕೆಮಿಸ್ಟ್: 120. ಇನ್ನೊಮ್ಮೆ ಕೇಳಿದರೆ ಉತ್ತರ ಇಲ್ಲ. ಯಾದಗಿರಿಯವರೇ, ಫೋನ್ ಮಾಡಿದಿರಾ?

ಯಾದಗಿರಿ ಅಣ್ಣ: ಮಾಡಿದೆ ಸರ್. ಮಣ್ಣು ಇನ್ನೂ ಬಿಸಿಲಲ್ಲಿದೆಯಂತೆ. ಬ್ಯಾಟರಿ ಬದಲು ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಲಾ ಅಂತ ಕೇಳ್ತಿದ್ದಾನೆ.