ಪಟ್ಟಣ ಸಹಕಾರಿ ಬ್ಯಾಂಕಿಗೆ ಕಿರಿಯ ಸಹಾಯಕನಾಗಿ ಸೇರುತ್ತಿದ್ದೇನೆ, ಮೊದಲ ಆರು ತಿಂಗಳಲ್ಲಿ ಏನೇನು ಕಲಿಯಬೇಕು?

ಹಾವೇರಿ_ಹುಡುಗ

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿದಿದೆ. ಮುಂದಿನ ತಿಂಗಳು ನಮ್ಮ ತಾಲ್ಲೂಕಿನ ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಬೇಕು. ಚಿಕ್ಕ ಬ್ಯಾಂಕು, ಎರಡೇ ಶಾಖೆ. ಮೊದಲು ಕ್ಯಾಶ್ ಕೌಂಟರ್, ಆಮೇಲೆ ಬಂಗಾರ ಸಾಲದ ಟೇಬಲ್ ಅಂತ ಹೇಳಿದ್ದಾರೆ. ಹೊಸಬರು ಎಲ್ಲಿ ಎಡವುತ್ತಾರೆ, ಯಾವುದನ್ನು ಮೊದಲು ಕಲಿಯಬೇಕು, ಜೆಎಐಐಬಿ (ಬ್ಯಾಂಕ್ ನೌಕರರು ಬರೆಯುವ ಪರೀಕ್ಷೆ) ಈಗಲೇ ಕಟ್ಟಬೇಕಾ, ಅನುಭವಸ್ಥರು ತಿಳಿಸಿ.

ಕ್ಯಾಶ್_ಸ್ಕ್ರೋಲ್

ಕ್ಯಾಶಿನಿಂದಲೇ ಶುರು ಮಾಡೋಣ. ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕಾಗಿ ಬರುವುದು ಅಲ್ಲೇ.

ಹಣ ತೆಗೆದುಕೊಳ್ಳುವಾಗ ಚಲನ್‌ನಲ್ಲಿ ಬರೆದ ಮೊತ್ತವನ್ನು ಮೊದಲು ನೋಡಬೇಡಿ. ನೋಡಿದರೆ ಕೈ ಆ ಲೆಕ್ಕಕ್ಕೇ ಎಣಿಸುತ್ತದೆ. ನೋಟುಗಳನ್ನು ಮುಖಬೆಲೆಯ ಪ್ರಕಾರ ಬೇರೆ ಮಾಡಿ, ಎಣಿಸಿ, ಒಟ್ಟು ಮೊತ್ತವನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಚಲನ್‌ಗೆ ತಾಳೆ ಹಾಕಿ. ಸಿಸ್ಟಂನಲ್ಲಿ ಎಂಟ್ರಿ ಮಾಡುವವರೆಗೂ ಆ ಗ್ರಾಹಕರ ಹಣ ಡ್ರಾಯರ್‌ಗೆ ಹೋಗಬಾರದು, ಮೇಜಿನ ಮೇಲೇ ಇರಲಿ. ಒಬ್ಬರ ಹಣ ಮುಗಿಯುವ ಮುಂಚೆ ಇನ್ನೊಬ್ಬರದನ್ನು ಕೈಗೆ ತೆಗೆದುಕೊಳ್ಳಬೇಡಿ. "ನಮ್ಮೋರೇ ಅಲ್ವಾ, ಇದನ್ನೊಂದು ಇಟ್ಕೊಂಡಿರಪ್ಪ" ಅನ್ನುವವರು ದಿನಕ್ಕೆ ನಾಲ್ಕು ಮಂದಿ ಬರುತ್ತಾರೆ.

ಸಂಜೆ ಲೆಕ್ಕ ಕೂಡದಿದ್ದರೆ ಗಾಬರಿಯಾಗಿ ಮತ್ತೆ ಮತ್ತೆ ಎಣಿಸುವ ಬದಲು ವ್ಯತ್ಯಾಸದ ಅಂಕಿಯನ್ನೇ ನೋಡಿ. ಅದು 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು: 5,400 ಬದಲು 4,500 ಬಿದ್ದರೆ ವ್ಯತ್ಯಾಸ 900. ಸರಿಯಾಗಿ 30,000 ವ್ಯತ್ಯಾಸ ಬಂದರೆ 200ರ ಕಟ್ಟು ಹೋಗಬೇಕಾದಲ್ಲಿ 500ರ ಕಟ್ಟು ಹೋಗಿರಬಹುದು (ಕಟ್ಟಿಗೆ 100 ನೋಟು). ವ್ಯತ್ಯಾಸದ ಅರ್ಧ ಮೊತ್ತದ ವೋಚರ್ ಸಿಕ್ಕರೆ ಜಮಾ ಆಗಬೇಕಾದ್ದು ಖರ್ಚಿಗೆ ಬಿದ್ದಿರುತ್ತದೆ. ಹೆಚ್ಚು ಉಳಿದ ಹಣವನ್ನು "ನಾಳೆ ಕಡಿಮೆ ಬಿದ್ರೆ ಆಗತ್ತೆ" ಅಂತ ಡ್ರಾಯರ್‌ನಲ್ಲಿ ಇಟ್ಟುಕೊಳ್ಳಬೇಡಿ. ಅವತ್ತೇ ಸಂಡ್ರಿ ಖಾತೆಗೆ (ಲೆಕ್ಕ ಗೊತ್ತಾಗದ ಹಣ ಇಡುವ ಬ್ಯಾಂಕಿನ ಖಾತೆ) ಜಮಾ ಮಾಡಿಸಿ. ತಪಾಸಣೆಗೆ ಬಂದವರು ಡ್ರಾಯರ್‌ನಲ್ಲಿ ಹೆಚ್ಚುವರಿ ಹಣ ಕಂಡರೆ ಕೊರತೆಗಿಂತ ಹೆಚ್ಚು ಅನುಮಾನ ಪಡುತ್ತಾರೆ.

ಖೋಟಾ ನೋಟು ಬಂದರೆ ಪರಿಚಯದವರದ್ದಾದರೂ ವಾಪಸ್ ಕೊಡುವಂತಿಲ್ಲ, ಅವರ ಖಾತೆಗೆ ಜಮಾ ಮಾಡುವಂತೆಯೂ ಇಲ್ಲ. ಅವರ ಎದುರೇ ಮುದ್ರೆ ಒತ್ತಿ, ರಿಜಿಸ್ಟರ್‌ನಲ್ಲಿ ಬರೆದು, ರಸೀದಿ ಕೊಡಬೇಕು. ಅವರು ಸಹಿ ಹಾಕಲು ಒಪ್ಪದಿದ್ದರೂ ರಸೀದಿ ಕೊಡಲೇಬೇಕು. ಒಂದೇ ವ್ಯವಹಾರದಲ್ಲಿ 4 ನೋಟುಗಳವರೆಗೆ ಸಿಕ್ಕರೆ ತಿಂಗಳ ಕೊನೆಯ ಒಟ್ಟು ವರದಿಯಲ್ಲಿ ಪೊಲೀಸರಿಗೆ ಹೋಗುತ್ತದೆ. 5 ಅಥವಾ ಹೆಚ್ಚಾದರೆ ಕೂಡಲೇ ಠಾಣೆಗೆ ತಿಳಿಸಿ ಎಫ್‌ಐಆರ್ ಮಾಡಿಸಬೇಕು.

ಒರೆಗಲ್ಲು

ಬಂಗಾರ ಸಾಲದ ಬಗ್ಗೆ ನಾನು ಹೇಳ್ತೀನಿ. ಚಿನ್ನ ಪರೀಕ್ಷೆ ಮಾಡುವವರು ಸರಾಫರು, ನಿಜ. ಹಾಗಂತ ತೂಕದ ಕಾಟಾ ಸೊನ್ನೆ ತೋರಿಸುತ್ತಿದೆಯಾ ಎಂದು ನೋಡುವುದನ್ನೂ ಅವರಿಗೇ ಬಿಡಬೇಡಿ. ಕರಿಮಣಿ, ಹರಳು, ದಾರ, ಒಳಗೆ ತುಂಬಿದ ಅರಗು, ಎಲ್ಲ ಕಳೆದು ನಿವ್ವಳ ತೂಕ ಹಿಡಿಯಬೇಕು. ಹಳೆಯ ಪೊಳ್ಳು ಬಳೆ, ಗುಂಡಿನ ಸರಗಳಲ್ಲಿ ಅರಗೇ ಹೆಚ್ಚಿರುತ್ತದೆ, ಹೊಸಬರು ಮೋಸ ಹೋಗುವುದು ಅಲ್ಲೇ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಒಟ್ಟು ತೂಕ 24 ಗ್ರಾಂ, ಕಳೆಯುವುದು 2.5, ನಿವ್ವಳ 21.5. ಶುದ್ಧತೆ 20 ಕ್ಯಾರೆಟ್. ದರ ಇರುವುದು 22 ಕ್ಯಾರೆಟ್‌ಗೆ, ಆದ್ದರಿಂದ 21.5 × 20 ÷ 22 = 19.54 ಗ್ರಾಂ. ಲೆಕ್ಕಕ್ಕೆ ಸುಲಭವಾಗಲಿ ಅಂತ ಗ್ರಾಂಗೆ 9,000 ಹಿಡಿದರೆ ಮೌಲ್ಯ ಸುಮಾರು 1,75,900. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳ ಪ್ರಕಾರ (ಜಾರಿಗೆ ಕೊನೇ ಗಡುವು 2026ರ ಏಪ್ರಿಲ್ 1) 2.5 ಲಕ್ಷದವರೆಗಿನ ಸಾಲಕ್ಕೆ ಮೌಲ್ಯದ ಶೇ. 85, ಅಲ್ಲಿಂದ 5 ಲಕ್ಷದವರೆಗೆ ಶೇ. 80, ಅದರ ಮೇಲೆ ಶೇ. 75 ಮಿತಿ. ಇಲ್ಲಿ ಶೇ. 85 ಅಂದರೆ ಸುಮಾರು 1,49,500.

ಇಷ್ಟನ್ನೂ ಕೈಗೆ ಕೊಟ್ಟರೆ ತಪ್ಪು. ವರ್ಷದ ಕೊನೆಗೆ ಅಸಲು, ಬಡ್ಡಿ ಒಟ್ಟಿಗೆ ಕಟ್ಟುವ ಸಾಲವಾದರೆ ಬಡ್ಡಿಯೂ ಸೇರಿ ಆ ಮಿತಿಯೊಳಗೆ ಇರಬೇಕು. ಬಡ್ಡಿ ಶೇ. 11 ಆದರೆ 1,49,500 ಅನ್ನು 1.11ರಿಂದ ಭಾಗಿಸಿ: ಕೊಡಬಹುದಾದ ಅಸಲು ಹೆಚ್ಚೆಂದರೆ 1,34,600. ಈ ಒಂದು ಭಾಗಾಕಾರ ಮರೆತರೆ ಆಡಿಟ್‌ನಲ್ಲಿ ಕಡತ ಕಡತವೇ ಆಕ್ಷೇಪಣೆಗೆ ಸಿಗುತ್ತದೆ.

ಸೀಲ್ ಹಾಕುವಾಗ ಗ್ರಾಹಕರು ಎದುರಿಗಿರಲಿ. ಪೊಟ್ಟಣದ ಮೇಲೆ ಸಾಲದ ಸಂಖ್ಯೆ, ಒಟ್ಟು ಮತ್ತು ನಿವ್ವಳ ತೂಕ, ಪೀಸ್‌ಗಳ ಸಂಖ್ಯೆ ಬರೆಯಿರಿ. "ಬಳೆ 2" ಎಂದಷ್ಟೇ ಬರೆಯದೆ "ಕೆಂಪು ಹರಳಿನ ಬಳೆ 2, ಒಂದರ ಕೊಂಡಿ ಸವೆದಿದೆ" ಎಂದು ಬರೆದಿದ್ದರೆ ಬಿಡಿಸಿಕೊಳ್ಳುವ ದಿನ ಜಗಳಕ್ಕೆ ಜಾಗವಿಲ್ಲ. ಸಾಲ ತೀರಿದ ಮೇಲೆ ಒಡವೆ ವಾಪಸ್ ಕೊಡಲು ಹೆಚ್ಚೆಂದರೆ 7 ಕೆಲಸದ ದಿನ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಮಲ್ನಾಡ್_ಮೇಡಂ

ಮೇಲಿನವರಿಬ್ಬರೂ ಟೇಬಲ್ ಕೆಲಸ ಹೇಳಿದ್ದಾರೆ. ನಾನು ಹೇಳುವುದು ಪಾಸ್‌ವರ್ಡ್ ವಿಷಯ. ಚಿಕ್ಕ ಶಾಖೆಯಲ್ಲಿ ಅಧಿಕಾರಿ ಊಟಕ್ಕೆ ಹೋಗುವಾಗ "ನನ್ನದರಲ್ಲಿ ಪಾಸ್ ಮಾಡಿಬಿಡಿ" ಅನ್ನುವ ರೂಢಿ ಇರುತ್ತದೆ. ಎಂಟ್ರಿ ಮಾಡುವವರು ಒಬ್ಬರು, ಪಾಸ್ ಮಾಡುವವರು ಇನ್ನೊಬ್ಬರು ಅನ್ನುವ ಏರ್ಪಾಟಿನ ಉದ್ದೇಶವೇ ಅಲ್ಲಿ ಸತ್ತುಹೋಗುತ್ತದೆ. ವಿಚಾರಣೆ ಬಂದರೆ ಲಾಗ್‌ನಲ್ಲಿ ಯಾರ ಹೆಸರಿದೆಯೋ ಅವರೇ ಉತ್ತರ ಕೊಡಬೇಕು. ನಿಮ್ಮದನ್ನು ಕೊಡಬೇಡಿ, ಅವರದನ್ನು ತೆಗೆದುಕೊಳ್ಳಬೇಡಿ. "ಗ್ರಾಹಕರು ಹತ್ತು ನಿಮಿಷ ಕಾಯ್ತಾರಂತೆ ಸರ್" ಅಂದರೆ ಸಾಕು, ವಾದ ಬೇಡ.

ಎರಡನೆಯದು ನಿರ್ದೇಶಕರ ಫೋನು. "ನಮ್ಮ ಹುಡುಗ ಬರ್ತಾನೆ, ಬೇಗ ಮಾಡ್ಕೊಡಿ." ಇಲ್ಲ ಅನ್ನುವ ಹಕ್ಕು ಕಿರಿಯ ಸಹಾಯಕರಿಗೆ ಇಲ್ಲ, ಹೌದು ಅನ್ನುವ ಹಕ್ಕೂ ಇಲ್ಲ. ಅರ್ಜಿ ಪಡೆದು ಆವಕ ರಿಜಿಸ್ಟರ್‌ನಲ್ಲಿ ನಮೂದಿಸಿ, ಯಾವ ದಾಖಲೆ ಇಲ್ಲವೋ ಅದನ್ನು ಚೀಟಿಯಲ್ಲಿ ಬರೆದು ಕಡತಕ್ಕೆ ಪಿನ್ ಮಾಡಿ ಮ್ಯಾನೇಜರ್ ಟೇಬಲ್‌ಗೆ ಕಳಿಸಿ. ನಿರ್ದೇಶಕರಿಗೆ ಅಥವಾ ಅವರ ಸಂಬಂಧಿಕರಿಗೆ ಸಾಲ ಕೊಡುವುದಕ್ಕೆ ರಿಸರ್ವ್ ಬ್ಯಾಂಕಿನ ನಿಷೇಧವಿದೆ. ಅವರದೇ ಠೇವಣಿಯ ಮೇಲಿನ ಸಾಲದಂಥ ಕೆಲವೇ ವಿನಾಯಿತಿಗಳಿವೆ. ಊರಲ್ಲಿ ಯಾರು ಯಾರಿಗೆ ಬೀಗರು ಎಂಬುದು ನಿಮಗೆ ಗೊತ್ತಿರುತ್ತದೆ, ಸಾಫ್ಟ್‌ವೇರ್‌ಗೆ ಗೊತ್ತಿರುವುದಿಲ್ಲ.

ಕಂತು ವಸೂಲಿಗೆ ಹಾಕಿದರೆ ದಿನಾಂಕ ಲೆಕ್ಕ ಬಾಯಿಪಾಠ ಇರಲಿ. ಮಾರ್ಚ್ 31ಕ್ಕೆ ಕಟ್ಟಬೇಕಾದ ಕಂತು ಬರದಿದ್ದರೆ ಅವತ್ತೇ ಎಸ್‌ಎಂಎ-0 (ಬಾಕಿ ಬಿದ್ದು ನಿಗಾಕ್ಕೆ ಬಂದ ಸಾಲದ ಮೊದಲ ಹಂತ), ಏಪ್ರಿಲ್ 30ಕ್ಕೆ ಎಸ್‌ಎಂಎ-1, ಮೇ 30ಕ್ಕೆ ಎಸ್‌ಎಂಎ-2, ಜೂನ್ 29ಕ್ಕೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಫೋನ್ ಮಾಡಬೇಕಾದ್ದು ಏಪ್ರಿಲ್ ಮೊದಲ ವಾರ. ಜೂನ್‌ನಲ್ಲಿ ಮಾಡಿದರೆ ಮೂರು ಕಂತು ಸೇರಿರುತ್ತದೆ, ಅವರ ಕೈಲಿ ಆಗುವುದಿಲ್ಲ. ಜಾಮೀನುದಾರರಿಗೂ ಬೇಗ ತಿಳಿಸಿ, ಅರ್ಧ ವಸೂಲಿ ಅವರ ಮುಜುಗರದಿಂದಲೇ ಆಗುತ್ತದೆ.

ಹಾವೇರಿ_ಹುಡುಗ

ತುಂಬಾ ಉಪಕಾರವಾಯಿತು. ಕೌಂಟರ್‌ನಲ್ಲಿ ಹಿರಿಯರು "ನಮ್ಮ ಠೇವಣಿ ಭದ್ರನಾ ತಮ್ಮಾ" ಅಂತ ಕೇಳಿದರೆ ಏನು ಹೇಳಲಿ? ಜೆಎಐಐಬಿ ಬಗ್ಗೆ ಯಾರೂ ಹೇಳಲಿಲ್ಲ.

ಒರೆಗಲ್ಲು

"ಏನೂ ಆಗಲ್ಲ ಅಜ್ಜಾ" ಅಂತ ಹೇಳಬೇಡಿ, ಅದು ನೀವು ಕೊಡಬಹುದಾದ ಭರವಸೆಯಲ್ಲ. ಇರುವುದನ್ನು ಹೇಳಿ: ಠೇವಣಿ ವಿಮೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ, ಎಲ್ಲ ಶಾಖೆ ಸೇರಿ 5 ಲಕ್ಷದವರೆಗೆ. 2020ರ ಫೆಬ್ರವರಿಗೆ ಮುಂಚೆ 1 ಲಕ್ಷ ಇತ್ತು. ಷೇರು ಹಣಕ್ಕೆ ವಿಮೆ ಇಲ್ಲ. ಪಕ್ಕದ ಬೀದಿಯ ಸೌಹಾರ್ದ ಸಹಕಾರಿಗೂ, ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೂ ಈ ವಿಮೆ ಅನ್ವಯಿಸುವುದಿಲ್ಲ. ಜನ ಮೂರನ್ನೂ "ಸೊಸೈಟಿ" ಅಂತಲೇ ಕರೆಯುತ್ತಾರೆ, ವ್ಯತ್ಯಾಸ ಬಿಡಿಸಿ ಹೇಳಿ.

ಕ್ಯಾಶ್_ಸ್ಕ್ರೋಲ್

ಜೆಎಐಐಬಿ ನಾಲ್ಕು ಪತ್ರಿಕೆ, ತಲಾ 100 ಅಂಕ, ಪಾಸಾಗಲು 50. ನಿಮ್ಮ ಬ್ಯಾಂಕಿನ ನೌಕರರು ಕಟ್ಟಲು ಅರ್ಹರಾ ಅಂತ ಮೊದಲು ಕಚೇರಿಯಲ್ಲಿ ಕೇಳಿ. ಬಿ.ಕಾಂ. ಆದವರಿಗೆ ಲೆಕ್ಕಪತ್ರದ ಪತ್ರಿಕೆ ಸುಲಭ, ಈಗಲೇ ಕಟ್ಟಿಬಿಡಿ.

ಮಲ್ನಾಡ್_ಮೇಡಂ

ನನ್ನ ಅಭಿಪ್ರಾಯ ಬೇರೆ. ಸಹಕಾರಿ ಬ್ಯಾಂಕಿನಲ್ಲೇ ಮುಂದುವರಿಯುವುದಾದರೆ ರಾಜ್ಯ ಸಹಕಾರ ಮಹಾಮಂಡಳ ನಡೆಸುವ ಡಿಸಿಎಂ (ಸಹಕಾರ ನಿರ್ವಹಣೆಯ) ಡಿಪ್ಲೊಮಾ ಮೊದಲು. ಬಡ್ತಿಗೆ ಅದನ್ನು ಕೇಳುತ್ತಾರಾ ಅಂತ ನಿಮ್ಮ ಬ್ಯಾಂಕಿನ ಸೇವಾ ನಿಯಮ ತೆಗೆಸಿ ನೋಡಿ. ಜೊತೆಗೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರಲ್ಲಿ ಸದಸ್ಯತ್ವ, ಸರ್ವಸದಸ್ಯರ ಸಭೆ, ಮತ್ತೆ ವಿವಾದಗಳ 70ನೇ ಪ್ರಕರಣ, ಇಷ್ಟು ಓದಿಟ್ಟುಕೊಳ್ಳಿ. ವಸೂಲಿ ದಾವೆ ಹೋಗುವುದೇ ಆ ಪ್ರಕರಣದಡಿ. ಜೆಎಐಐಬಿ ಎರಡನೇ ವರ್ಷಕ್ಕೆ ಇರಲಿ, ಕ್ಯಾಶ್ ಟೇಬಲ್‌ನಿಂದ ಎದ್ದ ಮೇಲೆ ಓದಲು ಸಂಜೆ ಉಳಿಯುತ್ತದೆ.