ಪದಚರ್ಚೆ: ಮಾಸ್ಟೊಡಾನಿನ ‘ಸಸ್ಪೆಂಡ್’ ನಮ್ಮ ‘ಅಮಾನತು’ ಆಗುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ನಾವು ಕೆಲವರು ಸೇರಿ ಕನ್ನಡ ಓದುಗರಿಗಾಗಿ ಒಂದು ಪುಟ್ಟ ಮಾಸ್ಟೊಡಾನ್ ಸರ್ವರ್ ನಡೆಸುವ ಸಿದ್ಧತೆಯಲ್ಲಿದ್ದೇವೆ. ಯಂತ್ರದ ಕೆಲಸ ಬಹುಪಾಲು ಮುಗಿದಿದೆ, ಬಾಕಿ ಇರುವುದು ನಿಯಮಾವಳಿಯ ಪುಟ. ಅದನ್ನು ಕನ್ನಡದಲ್ಲೇ ಬರೆಯಬೇಕೆಂದು ಕುಳಿತಾಗ ಕೆಲವು ಪದಗಳು ಕೈಗೆ ಸಿಗದೆ ಸತಾಯಿಸುತ್ತಿವೆ. ಅವುಗಳಲ್ಲಿ ಮೊದಲನೆಯದು ‘ಸಸ್ಪೆಂಡ್’.

ಮಾಸ್ಟೊಡಾನ್ ಬಳಸದವರಿಗಾಗಿ ಎರಡು ಮಾತು. 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಆರಂಭಿಸಿದ ಈ ಸಾಮಾಜಿಕ ಜಾಲತಾಣಕ್ಕೆ ಒಬ್ಬ ಯಜಮಾನನಿಲ್ಲ. ಸಾವಿರಾರು ಸರ್ವರ್‌ಗಳನ್ನು ಬೇರೆ ಬೇರೆಯವರು ನಡೆಸುತ್ತಾರೆ. 2018ರ ಜನವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಅಂಗೀಕರಿಸಿದ ‘ಆಕ್ಟಿವಿಟಿಪಬ್’ ಎಂಬ ಶಿಷ್ಟಾಚಾರದ (ಪ್ರೋಟೊಕಾಲ್) ಮೂಲಕ ಅವು ಪರಸ್ಪರ ಬರಹಗಳನ್ನು ಕಳುಹಿಸಿಕೊಳ್ಳುತ್ತವೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬುದನ್ನು ಆಯಾ ಸರ್ವರ್‌ನವರೇ ತೀರ್ಮಾನಿಸುತ್ತಾರೆ. ಆ ತೀರ್ಮಾನ ಅವರ ಸರ್ವರ್‌ನ ಎಲ್ಲೆಯೊಳಗೆ ಮಾತ್ರ ನಡೆಯುತ್ತದೆ.

‘ಸಸ್ಪೆಂಡ್’ಗೆ ಎಲ್ಲರೂ ಕಣ್ಣುಮುಚ್ಚಿ ಬಳಸುವ ಪದ ‘ಅಮಾನತು’. ಆದರೆ ಅಮಾನತು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸರ್ಕಾರಿ ನೌಕರ: ವಿಚಾರಣೆ ಬಾಕಿ ಇದೆ, ಜೀವನಾಧಾರ ಭತ್ಯೆ ಸಿಗುತ್ತಿದೆ, ತಪ್ಪು ಸಾಬೀತಾಗದಿದ್ದರೆ ಹಳೆಯ ಕುರ್ಚಿಗೆ ಮರಳುತ್ತಾನೆ. ಅರಬ್ಬಿಯಿಂದ ಬಂದ ಈ ಪದದ ಮೂಲಾರ್ಥವೂ ‘ನಂಬಿ ಒಪ್ಪಿಸಿ ಇಟ್ಟದ್ದು’ ಎಂದೇ. ಮಾಸ್ಟೊಡಾನಿನಲ್ಲಿ ನಮ್ಮದೇ ಸರ್ವರ್‌ನ ಒಂದು ಖಾತೆಯನ್ನು ಸಸ್ಪೆಂಡ್ ಮಾಡಿದರೆ ಈ ಅರ್ಥ ಅರ್ಧ ಸರಿ, ಏಕೆಂದರೆ 30 ದಿನಗಳವರೆಗೆ ಅದನ್ನು ಹಿಂಪಡೆಯಬಹುದು. ಆ ಗಡುವು ದಾಟಿದರೆ ಬರಹಗಳೆಲ್ಲ ಶಾಶ್ವತವಾಗಿ ಅಳಿಯುತ್ತವೆ. ಆಗ ಅದು ಅಮಾನತಲ್ಲ, ವಜಾ.

ಇನ್ನೊಂದು ಸರ್ವರ್ ಅನ್ನೇ ಇಡಿಯಾಗಿ ಸಸ್ಪೆಂಡ್ ಮಾಡಿದಾಗಲಂತೂ ಈ ಪದ ಸುಳ್ಳನ್ನೇ ಹೇಳುತ್ತದೆ. ಅಲ್ಲಿಂದ ಬಂದ ಬರಹ, ಚಿತ್ರಗಳು ನಮ್ಮಲ್ಲಿಂದ ಹೊರಟುಹೋಗುತ್ತವೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಹಿಂಬಾಲಿಸುತ್ತಿದ್ದ ಸಂಬಂಧ ಮುರಿಯುತ್ತದೆ. ನಾಳೆ ತೀರ್ಮಾನವನ್ನು ಹಿಂತೆಗೆದುಕೊಂಡರೂ ಆ ಸಂಬಂಧ ತಾನಾಗಿ ಕೂಡಿಕೊಳ್ಳುವುದಿಲ್ಲ. ಮಂಡ್ಯದ ಗೆಳತಿಯೊಬ್ಬರು ಬೇರೊಂದು ಸರ್ವರ್‌ನಲ್ಲಿದ್ದಾರೆ. ಅವರ ಹಿಂಬಾಲಕರಲ್ಲಿ ಬಹಳ ಮಂದಿ ಇದ್ದ ಇನ್ನೊಂದು ಸರ್ವರ್ ಅನ್ನು ‘ಅಮಾನತುಗೊಳಿಸಲಾಗಿದೆ’ ಎಂಬ ಪ್ರಕಟಣೆ ಬಂತು. ಅಮಾನತು ತೆರವಾದ ಮೇಲೆ ಎಲ್ಲರೂ ಮರಳುತ್ತಾರೆಂದು ಅವರು ವಾರಗಟ್ಟಲೆ ಕಾದರು. ತೆರವೂ ಆಯಿತು, ಒಬ್ಬರೂ ಮರಳಲಿಲ್ಲ. ‘ಸಂಬಂಧ ಕಡಿದಿದೆ, ಮತ್ತೆ ಹುಡುಕಿ ಸೇರಿಸಿಕೊಳ್ಳಬೇಕು’ ಎಂದು ಮೊದಲೇ ಹೇಳಿದ್ದರೆ ಅವರು ಹೆಸರುಗಳನ್ನಾದರೂ ಬರೆದಿಟ್ಟುಕೊಳ್ಳುತ್ತಿದ್ದರು. (2024ರ ಅಕ್ಟೋಬರ್‌ನಲ್ಲಿ ಬಂದ 4.3ನೇ ಆವೃತ್ತಿಯಿಂದ, ಹೀಗೆ ಕಡಿದುಹೋದವರ ಪಟ್ಟಿಯನ್ನು ಇಳಿಸಿಕೊಳ್ಳುವ ಸೌಲಭ್ಯವಿದೆ. ಗೊತ್ತಿಲ್ಲದವರು ಗಮನಿಸಿ.)

ಆ ಪ್ರಕಟಣೆಯಲ್ಲಿ ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ‘-ಲಾಗಿದೆ’ ಎಂಬ ಕರ್ಮಣಿ ರೂಪ. ಅಮಾನತು ಮಾಡಿದವರು ಯಾರು? ಕಚೇರಿಯ ಸುತ್ತೋಲೆಯಲ್ಲಿ ಕರ್ತೃ ಕಾಣದಿದ್ದರೂ ನಡೆಯುತ್ತದೆ, ಕಾಗದದ ನೆತ್ತಿಯಲ್ಲಿ ಇಲಾಖೆಯ ಹೆಸರಿರುತ್ತದೆ. ಯಜಮಾನನೇ ಇಲ್ಲದ ಜಾಲದಲ್ಲಿ ಮಾತ್ರ ‘ನಿಷೇಧಿಸಲಾಗಿದೆ’ ಎಂದು ಓದಿದವರು ಇಡೀ ಮಾಸ್ಟೊಡಾನೇ ತಮ್ಮನ್ನು ಹೊರಹಾಕಿತು ಎಂದು ತಿಳಿಯುತ್ತಾರೆ. ಆದುದರಿಂದ ನಮ್ಮ ನಿಯಮಾವಳಿಯಲ್ಲಿ ಇಂಥ ಕಡೆಗಳಲ್ಲೆಲ್ಲ ಕರ್ತರಿ ಪ್ರಯೋಗವನ್ನೇ ಬಳಸಬೇಕೆಂದು ನಾನು ಪಟ್ಟು ಹಿಡಿದಿದ್ದೇನೆ: ‘ಈ ಸರ್ವರ್‌ನ ಉಸ್ತುವಾರಿಗಳು ಆ ಸರ್ವರ್‌ನೊಂದಿಗೆ ಕೊಡುಕೊಳೆಯನ್ನು ನಿಲ್ಲಿಸಿದ್ದಾರೆ.’

ಈ ವಾಕ್ಯದಲ್ಲಿ ನನ್ನ ಎರಡು ಸೂಚನೆಗಳಿವೆ. ಮೊದಲನೆಯದು ‘ಕೊಡುಕೊಳೆ’. ಎರಡು ಸರ್ವರ್‌ಗಳ ನಡುವೆ ನಿಜವಾಗಿ ನಡೆಯುವುದು ಅದೇ. ‘ಸಂಪರ್ಕ ಕಡಿತ’ ಎಂದರೆ ವಿದ್ಯುತ್ ಬಿಲ್ಲು ಕಟ್ಟದ ಮನೆಯ ನೆನಪಾಗುತ್ತದೆ. ‘ಕೊಂಡಿ ಕಳಚು’ ಎನ್ನೋಣವೆಂದರೆ ‘ಕೊಂಡಿ’ ಈಗಾಗಲೇ ಲಿಂಕ್‌ಗೆ ರೂಢಿಯಾಗಿದೆ. ನಮ್ಮಲ್ಲಿ ಒಬ್ಬರು ‘ಬಹಿಷ್ಕಾರ’ ಎಂದರು. ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಆ ಪದದ ಹಿಂದೆ ಜಾತಿಯ ಹೆಸರಿನಲ್ಲಿ ಬಾವಿಯ ನೀರು, ಅಂಗಡಿಯ ಸಾಮಾನು, ಕೂಲಿ ಎಲ್ಲವನ್ನೂ ನಿರಾಕರಿಸಿದ ಚರಿತ್ರೆಯಿದೆ. ದ್ವೇಷದ ಮಾತಿನಿಂದ ತಮ್ಮವರನ್ನು ಕಾಪಾಡಿಕೊಳ್ಳಲು ಒಂದು ಸರ್ವರ್‌ನವರು ಬಾಗಿಲು ಹಾಕಿಕೊಳ್ಳುವುದಕ್ಕೂ ಅದಕ್ಕೂ ಒಂದೇ ಹೆಸರು ಇಟ್ಟರೆ ನೊಂದವರಿಗೆ ಮಾಡುವ ಅನ್ಯಾಯ.

ಎರಡನೆಯದು ‘ಉಸ್ತುವಾರಿ’, ಮಾಡರೇಟರ್‌ಗೆ. ‘ನಿರ್ವಾಹಕರು’ ಕನ್ನಡ ವಿಕಿಪೀಡಿಯದಲ್ಲಿ ಅಡ್ಮಿನ್‌ಗಳಿಗೆ ನೆಲೆನಿಂತಿದೆ, ಅದನ್ನು ಅವರಿಗೇ ಬಿಡೋಣ. ‘ನಿಯಂತ್ರಕ’ದಲ್ಲಿ ಅಧಿಕಾರದ ದನಿ ಜೋರು. ಮದ್ದೂರು ಕಡೆಯ ಗೆಳೆಯರೊಬ್ಬರು ‘ನೀರುಗಂಟಿ’ ಎಂದು ಸೂಚಿಸಿದ್ದಾರೆ. ನಾಲೆಯ ತೂಬು ತೆರೆದು ಮುಚ್ಚಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವವನು. ನೀರು ಅವನದಲ್ಲ, ಗದ್ದೆಯೂ ಅವನದಲ್ಲ, ಆದರೂ ಅವನಿಲ್ಲದೆ ಬಯಲಿನಲ್ಲಿ ಜಗಳ ತಪ್ಪದು. ಪದ ನನಗೆ ಬಹಳ ಹಿಡಿಸಿತು. ಆದರೆ ಮಾಡರೇಟರ್ ದೂರು ಕೇಳಬೇಕು, ಎರಡು ಕಡೆಯ ಮಾತನ್ನೂ ತೂಗಬೇಕು, ತೀರ್ಪು ಕೊಡಬೇಕು. ನೀರುಗಂಟಿಯ ಕೆಲಸದಲ್ಲಿ ಈ ಕೊನೆಯ ಭಾಗ ಇದೆಯೇ ಎಂಬುದೇ ನನ್ನ ಅನುಮಾನ.

ದೂರು ಎಂದಾಗ ನೆನಪಾಯಿತು. ‘ರಿಪೋರ್ಟ್’ ಗುಂಡಿಗೆ ‘ವರದಿ ಮಾಡಿ’ ಎಂಬ ಅನುವಾದವನ್ನು ಹಲವೆಡೆ ನೋಡುತ್ತೇವೆ. ಪತ್ರಕರ್ತ ಮಾಡುವುದು ವರದಿ, ನೊಂದವರು ಕೊಡುವುದು ದೂರು. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಬೇರೆ ಸರ್ವರ್‌ನವರ ಮೇಲೆ ದೂರು ಕೊಡುವಾಗ ‘ಪ್ರತಿಯನ್ನು ಅಲ್ಲಿಗೂ ಕಳುಹಿಸಬೇಕೇ’ ಎಂದು ಮಾಸ್ಟೊಡಾನ್ ಕೇಳುತ್ತದೆ. ಆ ಪ್ರತಿಯಲ್ಲಿ ದೂರುದಾರರ ಹೆಸರು ಇರುವುದಿಲ್ಲ. ‘ಹೆಸರು ತಿಳಿಸದೆ ಪ್ರತಿ ಕಳುಹಿಸು’ ಎಂದು ಬಿಡಿಸಿ ಬರೆದರೆ ಅಂಜುವವರಿಗೆ ಧೈರ್ಯ ಬರುತ್ತದೆ. ‘ಅನಾಮಿಕ ಪ್ರತಿ’ ಎಂದರೆ ಮೂಕರ್ಜಿಯ ವಾಸನೆ ಬರುತ್ತದೆ.

ಸಸ್ಪೆಂಡ್‌ಗಿಂತ ಹಗುರವಾದ ಕ್ರಮ ‘ಲಿಮಿಟ್’, ಇದರ ಅನುವಾದ ಸುಲಭ. ಇದನ್ನು ಹಿಂದೆ ‘ಸೈಲೆನ್ಸ್’ ಎನ್ನುತ್ತಿದ್ದರು, ಅದನ್ನು ಕೆಲವರು ‘ಮೌನಗೊಳಿಸು’ ಎಂದು ಕನ್ನಡಿಸಿದ್ದರು. ಲಿಮಿಟ್ ಆದವರು ಮೌನವಾಗುವುದಿಲ್ಲ. ಅವರ ಬರಹ ನಮ್ಮ ಸಾರ್ವಜನಿಕ ಪಟ್ಟಿಗಳಲ್ಲಿ ಕಾಣುವುದಿಲ್ಲ, ಹಿಂಬಾಲಿಸುವವರಿಗೆ ಎಂದಿನಂತೆ ಕಾಣುತ್ತದೆ. ‘ಮಿತಿಗೊಳಿಸು’ ಸಾಕು.

ಕೊನೆಯದು ಪದವೇ ಇಲ್ಲದ ಒಂದು ಸಂಗತಿ. ಒಂದೇ ಬರಹದ ಕೆಳಗೆ ನನಗೆ ಹತ್ತು ಪ್ರತಿಕ್ರಿಯೆಗಳು ಕಾಣುತ್ತವೆ, ಇನ್ನೊಂದು ಸರ್ವರ್‌ನಲ್ಲಿರುವ ನಿಮಗೆ ಮೂರು. ನಮ್ಮ ಸರ್ವರ್‌ನ ಯಾರೂ ಹಿಂಬಾಲಿಸದವರ ಮಾತು ನಮ್ಮಲ್ಲಿಗೆ ಬರದೇ ಹೋಗಬಹುದು. ಈಚಿನ ಆವೃತ್ತಿಗಳು ಇಂಥವನ್ನು ಹುಡುಕಿ ತರಲು ಪ್ರಯತ್ನಿಸುತ್ತವೆಯಾದರೂ ಕೊರತೆ ಪೂರ್ತಿ ನೀಗಿಲ್ಲ. ಬರೆದವರು ಮಾತ್ರ ‘ನನ್ನ ಮಾತನ್ನು ಅಳಿಸಿದ್ದೀರಿ’ ಎಂದು ಉಸ್ತುವಾರಿಗಳ ಮೇಲೆ ಹರಿಹಾಯುತ್ತಾರೆ. ಅಳಿಸಿದ್ದು ಬೇರೆ, ತಲುಪದ್ದು ಬೇರೆ. ‘ತಲುಪದ ಮಾತು’ ಎಂದು ನಾನು ಬರೆದಿಟ್ಟಿದ್ದೇನೆ, ಇದಕ್ಕಿಂತ ಚುರುಕಾದ ಪದ ಹೊಳೆದರೆ ತಿಳಿಸಿ.

ನನ್ನ ಮುಖ್ಯ ಪ್ರಶ್ನೆಗಳು ಎರಡು. ‘ಕೊಡುಕೊಳೆ’ ಈಗ ನಿಮ್ಮ ಕಡೆ ಮಾತಿನಲ್ಲಿ ಉಳಿದಿದೆಯೇ, ಅಥವಾ ಮದುವೆಯ ಸಂಬಂಧಕ್ಕೆ ಮಾತ್ರ ಸೀಮಿತವಾಗಿ ಕೇಳಿಸುತ್ತದೆಯೇ? ಮಳವಳ್ಳಿ, ಮದ್ದೂರು, ಪಾಂಡವಪುರದ ನಾಲೆ ಬಯಲಿನವರಿಗೆ ಇನ್ನೊಂದು ಪ್ರಶ್ನೆ: ಸರದಿ ತಪ್ಪಿಸಿ ನೀರು ಹರಿಸಿಕೊಂಡವನ ಮೇಲೆ ದೂರು ಬಂದಾಗ ತೀರ್ಮಾನ ಹೇಳುತ್ತಿದ್ದವನು ನೀರುಗಂಟಿಯೇ, ಊರಿನ ಹಿರಿಯರೇ? ನೀರುಗಂಟಿಯೇ ಆಗಿದ್ದರೆ, ನಿಯಮಾವಳಿಯಲ್ಲಿ ‘ಉಸ್ತುವಾರಿ’ ಎಂದಿರುವ ಕಡೆಯೆಲ್ಲ ಅದನ್ನೇ ಬರೆಯಲು ನಾನು ಸಿದ್ಧ.